ಸಹಾಯ ಬೇಕು: ಯೊರುಬಾದಲ್ಲಿ ‘ಇದು’, ‘ಅದು’ ಊರಿಂದ ಊರಿಗೆ ಹೇಗೆ ಬದಲಾಗುತ್ತವೆ?

ಎಲ್ಲರಿಗೂ ನಮಸ್ಕಾರ. ನೈಜೀರಿಯಾದಲ್ಲಿ ಇದ್ದು ಬಂದವರು ಅಥವಾ ಭಾಷಾಶಾಸ್ತ್ರ ಓದಿದವರು ಇಲ್ಲಿ ಯಾರಾದರೂ ಇದ್ದೀರಾ?

ನಾನು ನೈಜೀರಿಯಾ ಕಡೆಯ ಯೊರುಬಾ ಭಾಷೆ ಕಲಿಯುತ್ತಿದ್ದೇನೆ. ಪುಸ್ತಕದ ಯೊರುಬಾದಲ್ಲಿ ‘ಇಲೆ’ ಅಂದರೆ ಮನೆ, ‘ಇಲೆ ಯೀ’ ಅಂದರೆ ಈ ಮನೆ, ‘ಇಲೆ ಯೆನ್’ ಅಂದರೆ ಆ ಮನೆ. ನಮ್ಮ ‘ಈ’, ‘ಆ’ ನಾಮಪದಕ್ಕಿಂತ ಮೊದಲು ಬರುತ್ತವೆ, ಅವರದ್ದು ನಾಮಪದದ ನಂತರ, ಅಷ್ಟೇ. ಒಂಟಿಯಾಗಿ ಬಂದರೆ ‘ಎಯೀ’ (ಇದು), ‘ಇಯೆನ್’ (ಅದು). ಒಂದಕ್ಕಿಂತ ಜಾಸ್ತಿ ಇದ್ದರೆ ‘ವೊನ್ಯೀ’ (ಇವು), ‘ವೊನ್ಯೆನ್’ (ಅವು). ಇವನು, ಇವಳು ಅನ್ನೋ ತಲೆನೋವೂ ಇಲ್ಲ, ಗಂಡು ಹೆಣ್ಣಿಗೆ ಒಂದೇ ರೂಪ, ನನಗಂತೂ ಅದೇ ಖುಷಿ!

ಆದರೆ ಇದೆಲ್ಲ ಹೆಚ್ಚಾಗಿ ಓಯೋ ಕಡೆಯ ಮಾತಿನ ಮೇಲೆ ನಿಂತ ಬರಹದ ಭಾಷೆ ಅಲ್ವಾ. ನನಗೆ ಬೇಕಿರೋದು ಎಕಿಟಿ, ಇಜೆಬು, ಒಂಡೊ ಕಡೆಯವರು ಮನೆಯಲ್ಲಿ ಆಡೋ ರೂಪ. ಈ ಆರು ಪದಗಳನ್ನು ಅಲ್ಲಿ ಹೇಗೆ ಹೇಳುತ್ತಾರೆ, ಸ್ವರದ ಏರಿಳಿತ ಎಲ್ಲಿ ಬದಲಾಗುತ್ತದೆ? ಸುಮ್ನೆ ಪಟ್ಟಿ ಬೇಡ, ‘ಈ ಮನೆ ನನ್ನದು, ಆ ಮನೆ ಅವರದ್ದು’ ಅಂತ ಯಾರಾದರೂ ಹೇಳಿದ ಒಂದು ಆಡಿಯೋ ಹಾಕಿದರೂ ಸಾಕು. ಯಾವ ಊರಿನ ಮಾತು ಅಂತ ಮಾತ್ರ ಬರೆಯಿರಿ.