ಹದಿಹರೆಯದ ಕಾದಂಬರಿಯನ್ನು ಸ್ವಂತವಾಗಿ ಪ್ರಕಟಿಸುವುದು: ಅನುಭವವಿದ್ದವರು ಹೇಳಿ

ಕೇಳಿದವರು: ನಮಸ್ಕಾರ. ಕೊಪ್ಪಳದ ಕಡೆಯ ಹುಡುಗನೊಬ್ಬ ಪಿಯುಸಿ ವಿಜ್ಞಾನ ಓದಲು ಕರಾವಳಿಯ ಹಾಸ್ಟೆಲ್ ಸೇರುತ್ತಾನೆ. ಶುಲ್ಕ ಕಟ್ಟಲು ಅವನ ಅಣ್ಣ ಓದು ಬಿಟ್ಟು ಗಾರೆ ಕೆಲಸಕ್ಕೆ ಹೋಗುತ್ತಾನೆ. ಹುಡುಗ ದ್ವಿತೀಯ ಪಿಯುಸಿಯಲ್ಲಿ ಅನುತ್ತೀರ್ಣನಾಗುತ್ತಾನೆ. ಈ ಕಥೆಯನ್ನು ಸುಮಾರು 45,000 ಪದಗಳಲ್ಲಿ ಬರೆದು ಮುಗಿಸಿದ್ದೇನೆ. ಹುಡುಗ ಮುಕ್ಕಾಲು ಪಾಲು ನಾನೇ. ಅಪ್ಪ, ಅಣ್ಣ ಇಬ್ಬರೂ ಓದುತ್ತಾರೆಂಬ ಅಳುಕಿದೆ. ಹಸ್ತಪ್ರತಿ ನೋಡಿದ ಗೆಳೆಯರು ‘ಚೆನ್ನಾಗಿದೆ, ಆದರೆ ಎಲ್ಲೋ ತಪ್ಪಿಸಿಕೊಂಡಿದ್ದೀಯ’ ಎನ್ನುತ್ತಾರೆ. ಪ್ರಕಾಶಕರೊಬ್ಬರು 300 ಪ್ರತಿಗಳನ್ನು ನಾನೇ ಕೊಳ್ಳುವುದಾದರೆ ಅಚ್ಚು ಹಾಕಿಸುತ್ತಾರಂತೆ. ಅದಕ್ಕಿಂತ ಸ್ವಂತವಾಗಿ ತರುವುದು ಮೇಲೇ?

ಕಾದಂಬರಿ ಬರೆಯುವವರು, ಶಿವಮೊಗ್ಗ: ಅಚ್ಚಿನ ವಿಷಯ ಬಲ್ಲವರು ಹೇಳಲಿ. ನಾನು ಗೆಳೆಯರ ಆಕ್ಷೇಪವನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಹಸ್ತಪ್ರತಿಯಲ್ಲಿ ‘ಆಗ ನನಗೆ ತಿಳಿಯಲಿಲ್ಲ’, ‘ಈಗ ನೆನೆದರೆ’, ‘ಪಾಪ, ಅಣ್ಣ’ ಎಂಬಂಥ ಮಾತುಗಳು ಎಲ್ಲೆಲ್ಲಿವೆ ಎಂದು ಹುಡುಕಿ ಗೆರೆ ಎಳೆಯಿರಿ. ಅವು ಹದಿನೇಳರ ಹುಡುಗನ ಮಾತುಗಳಲ್ಲ, ಇವತ್ತು ಸಂಬಳ ತರುತ್ತಿರುವ ನಿಮ್ಮವು. ಹುಡುಗ ಸಣ್ಣತನ ತೋರಿದ ಕಡೆಯಲ್ಲೆಲ್ಲ ನೀವು ಓಡಿ ಬಂದು ಕ್ಷಮೆ ಕೇಳುತ್ತಿರಬಹುದು. ಗೆಳೆಯರು ತಪ್ಪಿಸಿಕೊಂಡಿದ್ದೀಯ ಎಂದದ್ದು ಇದನ್ನೇ ಎಂದು ನನ್ನ ಊಹೆ.

ಅಣ್ಣ ಓದು ಬಿಟ್ಟ ದಿನ ಹುಡುಗನಿಗೆ ಏನನ್ನಿಸಿತು? ಕೃತಜ್ಞತೆ ಎಂದು ಬರೆದಿದ್ದರೆ ನಾನು ನಂಬುವುದಿಲ್ಲ. ಬಿಡಬೇಕಾಗಿ ಬಂದದ್ದು ತನಗಲ್ಲವಲ್ಲ ಎಂಬ ನೆಮ್ಮದಿ ಮೊದಲು ಬಂದಿರುತ್ತದೆ. ಮುಂದೆ ಅಣ್ಣ ಹಾಸ್ಟೆಲಿಗೆ ಬಂದಾಗ ಅವನ ಸಿಮೆಂಟು ಮೆತ್ತಿದ ಚಪ್ಪಲಿಯನ್ನು ಯಾರಾದರೂ ನೋಡಿಯಾರು ಎಂಬ ಮುಜುಗರ. ಅದಕ್ಕಾಗಿ ಹುಡುಗ ಅದೇ ಪುಟದಲ್ಲಿ ಪಶ್ಚಾತ್ತಾಪ ಪಡುವುದು ಬೇಡ. ಓದುಗರಿಗೆ ಅವನ ಮೇಲೆ ಸಿಟ್ಟು ಬಂದರೆ ನಿಮಗೇನು ನಷ್ಟ?

ಮಾತಿನ ಕಡೆಗೂ ಗಮನ ಕೊಡಿ. ಸುತ್ತಲೂ ತುಳು, ತರಗತಿಯಲ್ಲಿ ಇಂಗ್ಲಿಷು, ಹೊರಗಿನವರೊಡನೆ ಪುಸ್ತಕದ ಕನ್ನಡ. ನಡುವೆ ಈ ಹುಡುಗ ಬಾಯಿ ತೆರೆದರೆ ನಗು. ಮನೆಗೆ ಫೋನ್ ಮಾಡುವಾಗ ಹಿಂದೆ ಸರದಿಯಲ್ಲಿ ನಿಂತವರಿಗೆ ಕೇಳದಂತೆ ದನಿ ತಗ್ಗಿಸಿ ಊರ ಮಾತಾಡುತ್ತಾನೋ, ಅವ್ವನೊಡನೆಯೂ ಕರಾವಳಿಯ ಕನ್ನಡವನ್ನೇ ಆಡುತ್ತಾನೋ? ಎರಡನೆಯದಾದರೆ ಅವ್ವ ಏನೆನ್ನುತ್ತಾಳೆ? ಈ ಒಂದು ಕರೆ ಸರಿಯಾಗಿ ಬಂದರೆ ಒಂಟಿತನದ ಬಗ್ಗೆ ಬರೆದ ಪ್ಯಾರಾಗಳನ್ನೆಲ್ಲ ಕಿತ್ತುಹಾಕಬಹುದು. ಸಂಭಾಷಣೆ ಅವರವರ ಆಡುಮಾತಿನಲ್ಲೇ ಇರಲಿ, ಅಡಿಟಿಪ್ಪಣಿ ಬೇಡ.

ಇನ್ನೊಂದು. ನಮ್ಮಲ್ಲಿ ಎಳೆಯ ದಿನಗಳೆಂದ ಕೂಡಲೇ ಅಜ್ಜಿ, ಮಾವಿನ ತೋಪು, ಮಳೆ ಸಾಲುಗಟ್ಟಿ ಬರುತ್ತವೆ. ಕರಾವಳಿಯ ಕಥೆಯೆಂದ ಮೇಲೆ ಮಳೆಯನ್ನು ಬಿಡಲಾಗದು. ಒಣಗದ ಸಮವಸ್ತ್ರದ ವಾಸನೆಯಾಗಿ ಬಂದರೆ ಬರಲಿ.

ಕತೆಗಾರರು, ಹುಬ್ಬಳ್ಳಿ: ಮೇಲಿನವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಆದರೆ ಆ ಚಪ್ಪಲಿಯ ಪುಟವನ್ನು ಅಣ್ಣನಿಗೆ ಅಚ್ಚಿಗೆ ಮೊದಲೇ ಓದಿಸಿ. ಒಪ್ಪಿಗೆ ಕೇಳಲು ಅಲ್ಲ, ಬೇರೆಯವರ ಬಾಯಿಂದ ತಿಳಿಯಬಾರದೆಂದು. ನನ್ನ ಸಂಕಲನದಲ್ಲಿ ಅಕ್ಕನ ಮುರಿದುಹೋದ ನಿಶ್ಚಿತಾರ್ಥವನ್ನು ಆಧರಿಸಿದ ಕತೆಯಿದೆ. ಓದಿಸಿದೆ. ‘ಹಾಕು’ ಎಂದಳು. ಅದಾದ ಮೇಲೆ ಇವತ್ತಿಗೂ ಆ ಪುಸ್ತಕದ ಸುದ್ದಿ ಎತ್ತುವುದಿಲ್ಲ. ಹೀಗೂ ಆಗುತ್ತದೆ ಎಂದು ತಿಳಿದೇ ಮುಂದುವರಿಯಿರಿ.

ಶಿವಮೊಗ್ಗದವರು: ಓದಿಸುವುದಾದರೆ ತಿದ್ದುವಿಕೆ ಪೂರ್ತಿ ಮುಗಿದ ಮೇಲೆ ಓದಿಸಿ. ಅಣ್ಣ ಪಕ್ಕದಲ್ಲಿ ಕುಳಿತಿದ್ದಾನೆಂದು ನೆನೆಯುತ್ತ ತಿದ್ದಿದರೆ ಆ ಚಪ್ಪಲಿ ತೊಳೆದೇ ಬರುತ್ತದೆ.

ವಕೀಲರು, ಮೈಸೂರು: ಮನೆಯವರಿಗಿಂತ ವಾರ್ಡನ್, ಉಪನ್ಯಾಸಕರ ಪಾತ್ರಗಳ ಬಗ್ಗೆ ಎಚ್ಚರ ಬೇಕು. ‘ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಹೆಸರು ಬದಲಿಸಿದ್ದರೂ ವ್ಯಕ್ತಿ ಯಾರೆಂದು ಬಲ್ಲವರಿಗೆ ಗೊತ್ತಾಗುವಂತಿದ್ದರೆ ಮಾನಹಾನಿಯ ದೂರು ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 356ನೇ ಕಲಂ. ಕಲಿಸುವ ವಿಷಯ, ವಯಸ್ಸು, ಊರು, ಚಹರೆ ಎಲ್ಲವನ್ನೂ ಬದಲಿಸಿ. ಇಬ್ಬರನ್ನು ಒಬ್ಬರಾಗಿಸಿ.

ಪುಟವಿನ್ಯಾಸದ ಕೆಲಸ ಮಾಡುವವರು, ಬೆಂಗಳೂರು: ಮೊದಲು ಪ್ರಕಾಶಕರ ಪ್ರಸ್ತಾಪ. ಆ 300 ಪ್ರತಿಗಳನ್ನು ಮುಖಬೆಲೆಗೇ ಕೊಳ್ಳಬೇಕೆಂದರೆ ಅಚ್ಚಿನ ಖರ್ಚೆಲ್ಲ ನಿಮ್ಮ ತಲೆಯ ಮೇಲೇ ಬಿದ್ದಂತೆ. ರಿಯಾಯಿತಿ ಎಷ್ಟು, ಒಟ್ಟು ಎಷ್ಟು ಪ್ರತಿ, ಹಕ್ಕು ಯಾರದು, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ.

ಸ್ವಂತವಾಗಿ ತರುವುದಾದರೆ 45,000 ಪದ ಡೆಮಿ 1/8 (ಕಾದಂಬರಿಗಳು ಸಾಮಾನ್ಯವಾಗಿ ಬರುವ ಅಳತೆ) ಆಕಾರದಲ್ಲಿ ಮುನ್ನುಡಿ ಸೇರಿ 192 ಪುಟದ ಆಸುಪಾಸಿಗೆ ಬರುತ್ತದೆ. ಹದಿನಾರು ಪುಟಕ್ಕೆ ಒಂದು ಫಾರ್ಮಾದಂತೆ 12 ಫಾರ್ಮಾ. ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ ಸಾಕು. ಇನ್ನೂರು ಪ್ರತಿಗಳೊಳಗೆ ಡಿಜಿಟಲ್ ಮುದ್ರಣ ಅಗ್ಗ. ಐನೂರು, ಸಾವಿರಕ್ಕೆ ಹೋದರೆ ಆಫ್‌ಸೆಟ್.

ನಮಗೆ ತಲೆನೋವು ತರುವುದು ಅಕ್ಷರ. ನೀವು ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ. ಪುಟ ಕಟ್ಟುವವರಲ್ಲಿ ಹಲವರು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳನ್ನೇ ಬಳಸುತ್ತಾರೆ. ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಪಿಯುಸಿ ಹುಡುಗನ ಕಥೆಯಲ್ಲಿ ‘ರ್‍ಯಾಂಕ್’ ಎಷ್ಟು ಸಲ ಬರುತ್ತದೋ ನೀವೇ ಎಣಿಸಿ. ಅಷ್ಟೂ ಕಡೆ ಅದು ‘ರ್ಯಾಂಕ್’ ಆಗಿ ಕುಳಿತಿರಬಹುದು. ಕೊನೆಯ ಕರಡನ್ನು ಕಾಗದದ ಮೇಲೆ ಓದಿ, ನಿಮ್ಮ ಜೊತೆಗೆ ಕಥೆ ಗೊತ್ತಿಲ್ಲದ ಒಬ್ಬರಾದರೂ ಓದಲಿ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇ-ಪುಸ್ತಕ ತಂದರೆ ಅದಕ್ಕೆ ಬೇರೆ ಸಂಖ್ಯೆ ಬೇಕು.

ಸ್ವಂತ ಪ್ರಕಟಣೆ ಮಾಡಿದವರು, ಧಾರವಾಡ: ಸ್ವಂತವಾಗಿ ಅಚ್ಚು ಹಾಕಿಸುವವರಿಗೆ ಎಲ್ಲರೂ ಗಳಗನಾಥರ ಉದಾಹರಣೆ ಕೊಡುತ್ತಾರೆ. ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು ಎಂಬ ಸಂಗತಿಯಷ್ಟೇ ಎಲ್ಲರಿಗೂ ನೆನಪಿರುತ್ತದೆ. 1907ರಲ್ಲಿ ಅಗಡಿಯಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರೂ ಅವರೇ ಎಂಬುದನ್ನು ಮರೆಯುತ್ತಾರೆ. ಪತ್ರಿಕೆಯ ಮೂಲಕ ಓದುಗರನ್ನು ಕಟ್ಟಿಕೊಂಡಿದ್ದ ಕಾದಂಬರಿಕಾರರು ಅವರು. ಹಾಗಾಗಿ ಎರಡು ಮೂರು ಅಧ್ಯಾಯಗಳನ್ನು ಮೊದಲು ‘ಪ್ರತಿಲಿಪಿ’ಯಂಥ ಅಂತರ್ಜಾಲ ತಾಣದಲ್ಲಿ ಹಾಕಿ. ಅಲ್ಲಿ ಹೊಗಳಿಕೆ ಧಾರಾಳ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎಷ್ಟು ಮಂದಿ ಮುಂದಿನ ಅಧ್ಯಾಯ ತೆರೆದರು ಎಂಬುದನ್ನು ನೋಡಿ, ಅದರ ಮೇಲೆ ಪ್ರತಿಗಳ ಸಂಖ್ಯೆ ನಿರ್ಧರಿಸಿ.

ಅಂಗಡಿಯವರು ಮುಖಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಕೇಳಿಯಾರು. ಹಣವೂ ತಡವಾಗಿ ಬರುತ್ತದೆ. ಅಂಚೆಯಲ್ಲಿ ನೇರವಾಗಿ ಕಳುಹಿಸುವುದೇ ನನಗೆ ಅನುಕೂಲವಾಗಿದೆ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಅಂಚೆ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿಮ್ಮ 192 ಪುಟದ ಪುಸ್ತಕ ಇನ್ನೂರ ಮೂವತ್ತು ಗ್ರಾಂ ತೂಗೀತು. ಕಾದಂಬರಿಗೆ ಆ ದರ ಅನ್ವಯಿಸುತ್ತದೆಯೇ ಎಂದು ಒಂದು ಪ್ರತಿ ಹಿಡಿದು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಸಾವಿರ ಪ್ರತಿ ಹಾಕಿಸಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದರ ನಿಯಮಗಳನ್ನು ಅಚ್ಚಿಗೆ ಕೊಡುವ ಮೊದಲೇ ಓದಿಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ‘ಪಾಪ, ಅಣ್ಣ’ ನಿಜಕ್ಕೂ ಇತ್ತು, ಒಂದಲ್ಲ ಹಲವು ಕಡೆ! ಕೊನೆಯ ಅಧ್ಯಾಯದಲ್ಲಿ ಫಲಿತಾಂಶ ಬಂದ ಮೇಲೆ ಅಣ್ಣ ತಮ್ಮ ಬಸ್ ನಿಲ್ದಾಣದಲ್ಲಿ ಅಪ್ಪಿಕೊಂಡು ಅಳುತ್ತಾರೆ. ನಡೆದದ್ದು ಹಾಗಲ್ಲ. ಪೂರಕ ಪರೀಕ್ಷೆಗೆ ಶುಲ್ಕ ಕಟ್ಟಿದೆಯಾ ಎಂದು ಅಣ್ಣ ಕೇಳಿದ, ಕಟ್ಟಿದೆ ಎಂದೆ. ಕಟ್ಟಿರಲಿಲ್ಲ.

ಶಿವಮೊಗ್ಗದವರು: ಆ ದುಡ್ಡು ಏನಾಯಿತು ಎಂಬುದನ್ನೂ ಬರೆಯಿರಿ. ಅಪ್ಪುಗೆ ತೆಗೆಯಿರಿ.

ಪುಟವಿನ್ಯಾಸದವರು: ಏನೇ ತೆಗೆಯುವುದಿದ್ದರೂ ನಮ್ಮ ಕೈಗೆ ಕೊಡುವ ಮೊದಲು ತೆಗೆಯಿರಿ. ಪುಟ ಕಟ್ಟಿದ ಮೇಲೆ ಒಂದು ಪ್ಯಾರಾ ಕದಲಿಸಿದರೂ ಮುಂದಿನ ಪುಟಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತದೆ, ಅದಕ್ಕೆ ಬೇರೆ ಬಿಲ್ ಬರುತ್ತದೆ.