ಕ್ಲಬ್ ಲಾಂಜ್ ಸೌಲಭ್ಯಕ್ಕೆ ಹೆಚ್ಚಿನ ಹಣ ಕೊಡುವುದು ಸರಿಯೇ?

ಪ್ರಶ್ನೆ:
ನಾವಿಬ್ಬರೂ ವರ್ಷಕ್ಕೆ ಎರಡು ಬಾರಿ ಪ್ರವಾಸ ಹೋಗುತ್ತೇವೆ. ಹೋದಾಗ ಐಷಾರಾಮಿ ಹೋಟೆಲಿನಲ್ಲಿಯೇ ತಂಗುವುದು ರೂಢಿ. ಈ ಸಲ ಕೊಠಡಿ ಹುಡುಕುವಾಗ ಡೀಲಕ್ಸ್ ಕೊಠಡಿಗಿಂತ ಕ್ಲಬ್ ಕೊಠಡಿಯ ಬಾಡಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಿರುವುದು ಕಂಡಿತು. ಕೊಠಡಿಯ ಅಳತೆ ಎರಡರದ್ದೂ ಒಂದೇ. ಹೆಚ್ಚುವರಿ ಹಣವೆಲ್ಲ ಲಾಂಜಿನ, ಅಂದರೆ ತಿಂಡಿ-ಪಾನೀಯ ಸಿಗುವ ಪ್ರತ್ಯೇಕ ಕೋಣೆಯ, ಪ್ರವೇಶಕ್ಕೇ. ಕೊಡುವುದು ಕಷ್ಟವಲ್ಲ, ದಂಡವಾಗಬಾರದು ಅಷ್ಟೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಲಾಂಜಿನಲ್ಲಿ ಏನೇನು ಸಿಗುತ್ತದೆ ಎಂಬುದಕ್ಕಿಂತ ಅಲ್ಲಿಗೆ ಯಾರ್ಯಾರಿಗೆ ಪ್ರವೇಶವಿದೆ ಎಂಬುದನ್ನು ಮೊದಲು ವಿಚಾರಿಸಿ. ಮ್ಯಾರಿಯಟ್ ಸಮೂಹದ ಹಲವು ಬ್ರ್ಯಾಂಡುಗಳಲ್ಲಿ ವರ್ಷಕ್ಕೆ 50 ರಾತ್ರಿ ತಂಗಿ ಸಮೂಹದ ಸದಸ್ಯತ್ವದಲ್ಲಿ ಪ್ಲಾಟಿನಂ ದರ್ಜೆ ಪಡೆದವರು ಜೊತೆಗೊಬ್ಬರನ್ನು ಕರೆದುಕೊಂಡು ಉಚಿತವಾಗಿ ಬರಬಹುದು; ಹಯಾತ್‌ನಲ್ಲಿ 60 ರಾತ್ರಿ ಪೂರೈಸಿದ ಗ್ಲೋಬಲಿಸ್ಟ್ ಸದಸ್ಯರಿಗೂ ಕ್ಲಬ್ಬಿನ ಬಾಗಿಲು ತೆರೆದಿರುತ್ತದೆ. ಆದರೆ ಮ್ಯಾರಿಯಟ್ ಸಮೂಹಕ್ಕೇ ಸೇರಿದ ರಿಟ್ಜ್-ಕಾರ್ಲ್ಟನ್‌ನಲ್ಲಿ ಎಷ್ಟೇ ಮೇಲಿನ ದರ್ಜೆಯವರಿಗಾದರೂ ಸದಸ್ಯತ್ವದ ಬಲದಿಂದ ಪ್ರವೇಶ ಸಿಗದು, ಆದ್ದರಿಂದ ಜನಸಂದಣಿ ಕಡಿಮೆಯಾಗಿ ಅಲ್ಲಿನ ಕ್ಲಬ್ ಕೊಟ್ಟ ಹಣಕ್ಕೆ ತಕ್ಕಂತಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಸದಸ್ಯರಿಗೆಲ್ಲ ಪ್ರವೇಶವಿದ್ದ ಒಂದು ಹೋಟೆಲಿನಲ್ಲಿ, ಅದರ ಹೆಸರು ಬೇಡ, ನಾನು ಹಣ ಕೊಟ್ಟು ಕ್ಲಬ್ ಕೊಠಡಿ ಪಡೆದಿದ್ದೆ. ಸಂಜೆಯ ಪಾನೀಯದ ವೇಳೆಗೆ ಹತ್ತು ನಿಮಿಷ ಮೊದಲೇ ಬಾಗಿಲಲ್ಲಿ ಸಾಲು ನಿಂತಿತ್ತು. ಒಳಗೆ ಒಂದು ಕುರ್ಚಿಯೂ ಖಾಲಿಯಿರಲಿಲ್ಲವಾಗಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲೋಟ ಹಿಡಿದು, ಕಾಫಿ ಯಂತ್ರಕ್ಕೆ ಬಂದವರಿಗೆಲ್ಲ ಜರುಗಿ ದಾರಿ ಬಿಡುತ್ತಾ ನಿಂತೇ ತಿಂದೆವು.

ಉತ್ತರ 2:
ಮೇಲಿನವರ ಮಾತು ನಿಜ, ಆದರೆ ಬೆಳಗಿನ ಉಪಾಹಾರದ ಲೆಕ್ಕವನ್ನೂ ಹಾಕಬೇಕು. ವರ್ಚುಯೋಸೋ ಜಾಲದ ಪ್ರವಾಸ ಸಲಹೆಗಾರರ ಮೂಲಕವೋ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನ ಫೈನ್ ಹೋಟೆಲ್ಸ್ ಯೋಜನೆಯ ಮೂಲಕವೋ ಕಾಯ್ದಿರಿಸಿದರೆ ಇಬ್ಬರ ಉಪಾಹಾರ ಸಾಮಾನ್ಯವಾಗಿ ಬಾಡಿಗೆಯಲ್ಲಿಯೇ ಸೇರಿರುತ್ತದೆ. ಎರಡನೆಯದರಲ್ಲಿ ಸಂಜೆ 4 ಗಂಟೆಯವರೆಗೆ ಕೊಠಡಿ ಉಳಿಸಿಕೊಳ್ಳುವ ಖಾತರಿಯೂ ಇದೆ. ಇವೆರಡನ್ನೂ ಕಳೆದರೆ ಲಾಂಜಿನಲ್ಲಿ ಉಳಿಯುವುದು ಮಧ್ಯಾಹ್ನದ ಚಹಾ ಮತ್ತು ಸಂಜೆಯ ಎರಡು ಗಂಟೆಯ ಪಾನೀಯ ಮಾತ್ರ. ಆ ಹೊತ್ತಿಗೆ ನೀವು ಊರು ಸುತ್ತುತ್ತಿದ್ದರೆ ಹಣ ನೀರಿಗೆ ಹಾಕಿದಂತೆಯೇ.

ಉತ್ತರ 3:
ತಿಂಡಿಯ ಲೆಕ್ಕವನ್ನೇ ಹಿಡಿದು ತೂಗಿದರೆ ಯಾವ ಲಾಂಜೂ ಲಾಭದಾಯಕವಲ್ಲ ಎಂದೇ ಹೇಳಬೇಕಾಗುತ್ತದೆ. ನಾನು ಹಣ ಕೊಡುವುದು ಅಲ್ಲಿನ ಸಿಬ್ಬಂದಿಗಾಗಿ. ಕೆಳಗಿನ ಸಾಲಿನಲ್ಲಿ ನಿಲ್ಲದೆ ಕುಳಿತಲ್ಲಿಯೇ ಚೆಕ್-ಇನ್ ಆಗುತ್ತದೆ; ಎರಡನೆಯ ದಿನಕ್ಕೆ ಅವರಿಗೆ ನಮ್ಮ ಹೆಸರೂ, ಚಹಾಕ್ಕೆ ಸಕ್ಕರೆ ಬೇಡವೆಂಬುದೂ ಗೊತ್ತಿರುತ್ತದೆ. ಆದರೆ ಫೋರ್ ಸೀಸನ್ಸ್‌ನ ಬಹುಪಾಲು ಹೋಟೆಲುಗಳಲ್ಲಿ ಕ್ಲಬ್ ಲಾಂಜೇ ಇಲ್ಲ ಎಂಬುದನ್ನೂ ಗಮನಿಸಿ: ಆ ಉಪಚಾರ ಎಲ್ಲ ಅತಿಥಿಗಳಿಗೂ ಸಲ್ಲಬೇಕೆಂದು ನಿರೀಕ್ಷಿಸುವ ಕಡೆ ಬೇರೆ ಕೋಣೆಯ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹೋಟೆಲಿಗೆ ಬರೆದು ಕೇಳಿದೆ. ಮೇಲ್ದರ್ಜೆಯ ಸದಸ್ಯರಿಗೆ ಲಾಂಜ್ ಉಚಿತವೆಂದು ಉತ್ತರ ಬಂದಿದೆ. ಸಂಜೆ ಹೊತ್ತು ನಾವು ಹೋಟೆಲಿನಲ್ಲಿ ಇರುವುದೂ ಕಡಿಮೆ. ಹೀಗಾಗಿ ಅದೇ ಹಣಕ್ಕೆ ಇನ್ನೂ ದೊಡ್ಡ ಕೊಠಡಿಯನ್ನು ಕಾಯ್ದಿರಿಸಿದ್ದೇವೆ.