ಕ್ಯಾಥೆಟರ್ (ಮೂತ್ರದ ಪೈಪ್) ಇದ್ದರೂ ಪಕ್ಕದಿಂದ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ (ಜಗಳೂರಿನಿಂದ): ಅಪ್ಪನಿಗೆ ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿಕೊಂಡಿತ್ತು. ದಾವಣಗೆರೆಯಲ್ಲಿ ಕ್ಯಾಥೆಟರ್ ಹಾಕಿ ಮನೆಗೆ ಕಳಿಸಿದ್ದಾರೆ. ಪೈಪ್ ಇದ್ದರೂ ಒಂದಕ್ಕೆ ಅವಸರ ಅಂತ ಒದ್ದಾಡುತ್ತಾರೆ. ಪಕ್ಕದಿಂದ ಸೋರಿ ಪಂಚೆ ಒದ್ದೆ. ರಾತ್ರಿಯೆಲ್ಲ ‘ಕಿತ್ತು ಬಿಸಾಕ್ತೀನಿ’ ಅಂತಾರೆ. ಇನ್ನೂ ದಪ್ಪ ಪೈಪ್ ಹಾಕಿಸಬೇಕಾ?

ಉತ್ತರ (ಯುರಾಲಜಿ ವಾರ್ಡ್ ನರ್ಸ್, ದಾವಣಗೆರೆ): ದಯವಿಟ್ಟು ಕೀಳಲು ಬಿಡಬೇಡಿ. ಪೈಪಿನ ತುದಿಯಲ್ಲಿ, ಮೂತ್ರಕೋಶದ ಒಳಗೆ, ಒಂದು ಸಣ್ಣ ಬಲೂನ್ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ 10 ಎಂಎಲ್ ನೀರು ತುಂಬಿರುತ್ತೇವೆ. ಪೈಪ್ ಜಾರದಂತೆ ಹಿಡಿದಿರುವುದು ಅದೇ. ಆ ನೀರು ತೆಗೆಯದೆ ಎಳೆದರೆ ಮೂತ್ರನಾಳ ಹರಿದು ರಕ್ತ ಬರುತ್ತದೆ.

ಬಲೂನ್ ಒಳಗೆ ತಾಗುತ್ತಿದ್ದರೆ ಮೂತ್ರಕೋಶ ಹಿಂಡಿಕೊಳ್ಳುತ್ತದೆ. ಅವಸರ ಅನ್ನಿಸುವುದೂ, ಪಕ್ಕದಿಂದ ಸೋರುವುದೂ ಹೆಚ್ಚಾಗಿ ಇದರಿಂದಲೇ. ಅಪ್ಪ ಸುಮ್ನೆ ಹಟ ಮಾಡುತ್ತಿಲ್ಲ, ಆ ಸಂಕಟ ನಿಜ. ದಪ್ಪ ಪೈಪ್ ಹಾಕಿದರೆ ಕಿರಿಕಿರಿ ಜಾಸ್ತಿಯೇ ಆಗಬಹುದು.

ಈಗ ಪೈಪಿನ ಉದ್ದಕ್ಕೂ ಕೈಯಾಡಿಸಿ. ಮಡಿಚಿಕೊಂಡಿದೆಯಾ? ತೊಡೆ ಕೆಳಗೆ ಸಿಕ್ಕಿದೆಯಾ? ಮೂತ್ರ ತುಂಬುವ ಬ್ಯಾಗ್ ಭರ್ತಿಯಾಗಿದೆಯಾ? ಪೈಪನ್ನು ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಪ್ಲಾಸ್ಟರ್ ಹಾಕಿ, ಎಳೆತ ತಪ್ಪುತ್ತದೆ. ಎರಡಕ್ಕೆ ಸರಿಯಾಗಿ ಹೋಗುತ್ತಿದ್ದಾರಾ ಕೇಳಿ. ಮಲ ಕಟ್ಟಿದರೂ ಸೋರುತ್ತದೆ. ಸೋರುತ್ತೆ ಅಂತ ನೀರು ಕುಡಿಯುವುದನ್ನೇ ಬಿಡುವವರನ್ನು ದಿನಾ ನೋಡುತ್ತೇನೆ. ನಮ್ಮ ಕಡೆ ಬಿಸಿಲಿಗೆ ಅದು ಬಹಳ ಕೆಟ್ಟದ್ದು. ಮೂತ್ರ ಗಟ್ಟಿಯಾಗಿ ಪೈಪೇ ಕಟ್ಟಿಕೊಳ್ಳಬಹುದು. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ಚೆನ್ನಾಗಿ ನೀರು ಕುಡಿಸಿ. ಇಷ್ಟಾದರೂ ನಿಲ್ಲದಿದ್ದರೆ ಹಿಂಡುವಿಕೆಗೆ ಮಾತ್ರೆ ಇದೆ, ಡಾಕ್ಟರನ್ನು ಕೇಳಿ.

ಪ್ರಶ್ನೆ: ಪೈಪ್ ಮಡಿಚಿಕೊಂಡೇ ಇತ್ತು ಮೇಡಂ, ಸರಿ ಮಾಡಿದೆ. ಬಸ್ಸಿನಲ್ಲಿ ಬರುವಾಗ ಬ್ಯಾಗ್ ಮಡಿಲಲ್ಲೇ ಇತ್ತು, ಪರವಾಗಿಲ್ವಾ? ಮೂತ್ರ ಸ್ವಲ್ಪ ಕದಡಿದಂತಿದೆ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತರಲಾ?

ಉತ್ತರ: ಮಡಿಲಲ್ಲಿ ಬೇಡ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು. ಮೇಲಿದ್ದರೆ ಮೂತ್ರ ವಾಪಸ್ ಹರಿದು ಸೋಂಕಿಗೆ ದಾರಿಯಾಗುತ್ತದೆ.

ಆಂಟಿಬಯಾಟಿಕ್ ನೀವಾಗಿ ತರಬೇಡಿ. ಪೈಪ್ ಬಹಳ ದಿನ ಇದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಸಾಮಾನ್ಯ. ಬರೀ ಕದಡಿದ್ದಕ್ಕೆ ಔಷಧಿ ಬೇಕಿಲ್ಲ. ಆದರೆ ಚಳಿಜ್ವರ, ಪಕ್ಕೆ ನೋವು, ಗಡ್ಡೆಗಡ್ಡೆ ರಕ್ತ ಬಂದರೆ, ಅಥವಾ ಅಪ್ಪ ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಆವತ್ತೇ ತೋರಿಸಿ. ಬ್ಯಾಗಿಗೆ ಎರಡು ಮೂರು ಗಂಟೆ ಹನಿಯೂ ಇಳಿಯದೆ ಕೆಳಹೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ನಿಮ್ಮ ತಾಲ್ಲೂಕು ಆಸ್ಪತ್ರೆಗೇ ಮೊದಲು ಹೋಗಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಪೈಪ್ ಬದಲಿಸುವ ದಿನ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ನಾಳೆಯೇ ಕೇಳಿ ಬರೆಸಿಕೊಳ್ಳಿ.